ಉಬ್ಬಿದ ಬ್ರೆಡ್ ಕುಸಿಯುವುದೇಕೆ?

ಹುಬ್ಬಳ್ಳಿಯ ಓದುಗರೊಬ್ಬರು ಬರೆದಿದ್ದಾರೆ: 'ಮಗಳಿಗೆ ಸೀಲಿಯಾಕ್ ಕಾಯಿಲೆ ಎಂದು ತಿಳಿದ ಮೇಲೆ ಗೋಧಿ ಬಿಟ್ಟೆವು. ಮನೆಯಲ್ಲಿದ್ದ ಬ್ರೆಡ್ ಮೇಕರ್‌ಗೆ ಅಕ್ಕಿ, ಜೋಳದ ಹಿಟ್ಟು ಹಾಕಿದರೆ ಮೊದಲು ಉಬ್ಬುತ್ತದೆ, ಆಮೇಲೆ ಕುಸಿದು ಇಟ್ಟಿಗೆಯಾಗುತ್ತದೆ. ಯೀಸ್ಟ್ ಕೆಟ್ಟಿದೆಯೇ?'

ಯೀಸ್ಟ್ ಚೆನ್ನಾಗಿದೆ ತಾಯಿ, ಉಬ್ಬಿದ್ದೇ ಅದಕ್ಕೆ ಸಾಕ್ಷಿ. ಅದು ಬಿಟ್ಟ ಗಾಳಿಯನ್ನು ಹಿಡಿದಿಡುವ ಗ್ಲುಟನ್ (ಗೋಧಿಯ ಅಂಟು) ಬಲೆ ಇಲ್ಲ, ಅಷ್ಟೇ. ನಿಮ್ಮ ಯಂತ್ರ ಹುಟ್ಟಿದ್ದೇ ಆ ಬಲೆಯನ್ನು ಎಳೆಯಲು. ಜಪಾನಿನ ಮತ್ಸುಶಿತಾ ಕಂಪನಿಯ ಮೊದಲ ಮಾದರಿಗಳಲ್ಲಿ ಬ್ರೆಡ್ಡಿನ ಹೊರಗೆಲ್ಲ ಕರಕಲು, ಒಳಗೆ ಹಸಿ. ಆಗ ಕಂಪನಿಯ ಇಕುಕೊ ತನಾಕಾ ಎಂಬಾಕೆ ಒಸಾಕಾದ ಹೋಟೆಲೊಂದರ ಬ್ರೆಡ್ ಭಟ್ಟರ ಬಳಿ ಶಿಷ್ಯೆಯಾಗಿ ನಿಂತರು. ಭಟ್ಟರು ಹಿಟ್ಟನ್ನು ಎಳೆಯುತ್ತಲೇ ತಿರುಚುವುದನ್ನು ಆಕೆ ಕಂಡರು! ಆ ಕೈಚಳಕವನ್ನು ಯಂತ್ರಕ್ಕೆ ಕಲಿಸಲೆಂದೇ ಪಾತ್ರೆಯ ಒಳಗೋಡೆಗೆ ಏಣುಗಳನ್ನು ಕೂರಿಸಿದರು. 1987ರಲ್ಲಿ ಯಂತ್ರ ಮಾರುಕಟ್ಟೆಗೆ ಬಂತು.

ಅಕ್ಕಿ ಹಿಟ್ಟಿನಲ್ಲಿ ಎಳೆಯುವುದಕ್ಕೇ ಏನೂ ಇಲ್ಲ. ಜೊತೆಗೆ, ಗೋಧಿಗಾಗಿ ಇಟ್ಟ ಎರಡನೇ ನಾದುವಿಕೆ ಇದಕ್ಕೆ ಶತ್ರು. ಗೋಧಿ ಹಿಟ್ಟು ಗುದ್ದಿದರೂ ಮತ್ತೆ ಉಬ್ಬುತ್ತದೆ. ಇಲ್ಲಿ ಒಡೆದ ಗುಳ್ಳೆ ಒಡೆದದ್ದೇ. ಹಾಗಾಗಿ ಮೊದಲ ನಾದು ಮುಗಿದ ಕೂಡಲೇ ಯಂತ್ರ ನಿಲ್ಲಿಸಿ, ಒಂದೇ ಸಲ ಉಬ್ಬಲು ಬಿಟ್ಟು, ನೇರವಾಗಿ 'ಬೇಕ್' ಒತ್ತಿ. ಹೊಸ ಯಂತ್ರಗಳ ಗ್ಲುಟನ್ ಫ್ರೀ ಗುಂಡಿ ಇದನ್ನೇ ಮಾಡುತ್ತದೆ.

ಬಲೆಯ ಬದಲಿಗೆ ಲೋಳೆ ಬೇಕು. ಇದು ನಮಗೆ ಹೊಸತೇ? ಗ್ಲುಟನ್ ಇಲ್ಲದ ಇಡ್ಲಿ ಹೂವಿನಂತೆ ಅರಳುವುದು ಉದ್ದಿನ ಲೋಳೆಯಿಂದ. ಬ್ರೆಡ್ಡಿಗೆ ನಾನು ನೆಚ್ಚಿರುವುದು ಔಷಧದ ಅಂಗಡಿಯ ಇಸಬ್ಗೋಲ್ ಹೊಟ್ಟನ್ನು. 400 ಗ್ರಾಂ ಹಿಟ್ಟಿಗೆ 20 ಗ್ರಾಂ ಹೊಟ್ಟು, ಹಿಟ್ಟಿನ ತೂಕಕ್ಕಿಂತ ತುಸು ಹೆಚ್ಚೇ ನೀರು. ಹತ್ತೇ ನಿಮಿಷದಲ್ಲಿ ಅದು ನೀರನ್ನೆಲ್ಲ ಹೀರಿ, ಪುಡಿಪುಡಿಯಾಗಿದ್ದ ಹಿಟ್ಟು ವಡೆ ಹಿಟ್ಟಿನಂತೆ ಕೂಡಿಕೊಳ್ಳುವುದನ್ನು ಎಷ್ಟು ಸಲ ನೋಡಿದರೂ ನನಗೆ ಸಾಕೆನಿಸಿಲ್ಲ. ಬೆಂದ ಮೇಲೆ ಪೂರ್ತಿ ಆರುವ ತನಕ ಕೊಯ್ಯಬೇಡಿ. ಬಿಸಿಯಲ್ಲಿ ಪಿಷ್ಟ ಇನ್ನೂ ಗಟ್ಟಿಯಾಗಿರುವುದಿಲ್ಲ, ಚಾಕುವಿಗೆ ಮೆತ್ತುತ್ತದೆ.

'ಚೂರು ಚೂರು ಗೋಧಿ ಕೊಟ್ಟು ಅಭ್ಯಾಸ ಮಾಡಿಸಿ' ಎಂದು ನೆಂಟರು ಹೇಳುತ್ತಾರಂತೆ. ದಯವಿಟ್ಟು ಆ ಮಾತನ್ನು ಮನೆಯೊಳಗೆ ಬಿಡಬೇಡಿ. ಸೀಲಿಯಾಕ್ ಅಜೀರ್ಣವಲ್ಲ, ಗ್ಲುಟನ್ ಕಂಡರೆ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಸಣ್ಣ ಕರುಳಿನ ಒಳಪದರವನ್ನು ಹಾಳುಗೆಡವುತ್ತದೆ. ಖಪ್ಲಿ ಗೋಧಿಯೂ ಗೋಧಿಯೇ, ಅದರಲ್ಲೂ ಗ್ಲುಟನ್ ಇದೆ. ಗ್ಲುಟನ್ ರಹಿತ ಎನ್ನಲು ಕಿಲೋ ಆಹಾರದಲ್ಲಿ ಅದು 20 ಮಿಲಿಗ್ರಾಂ ಮೀರುವಂತಿಲ್ಲ.

ಆದ್ದರಿಂದ ಯಂತ್ರದ ಅಲಗನ್ನು ಕಿತ್ತು ನೋಡಿ. ಅದು ಕೂರುವ ಕಡ್ಡಿಯ ಬುಡದಲ್ಲಿ ಹಳೆಯ ಗೋಧಿ ಹಿಟ್ಟು ಒಣಗಿ ಕೂತಿರುತ್ತದೆ. ಪಾತ್ರೆ, ಅಲಗು ಎರಡನ್ನೂ ಹೊಸದಾಗಿ ಕೊಳ್ಳುವುದೇ ಕ್ಷೇಮ. ಜೋಳವನ್ನು ಯಾವ ಗಿರಣಿಯಲ್ಲಿ ಬೀಸಿಸುತ್ತೀರಿ? ನಿಮಗಿಂತ ಮುಂಚೆ ಬಂದವರು ಗೋಧಿ ಬೀಸಿಸಿದ್ದರೆ ಅದರ ಹಿಟ್ಟು ನಿಮ್ಮ ಡಬ್ಬಿಗೂ ಬಂದಿರುತ್ತದೆ. ಮನೆಗೇ ಒಂದು ಸಣ್ಣ ಗಿರಣಿ ತನ್ನಿ, ಅದಕ್ಕೆ ಗೋಧಿ ಮುಟ್ಟಿಸಬೇಡಿ.