ಬ್ರೆಜಿಲಿಯನ್ ಜಿಯು-ಜಿಟ್ಸು: ಜಿಮ್ ಸೇರುವ ಮುನ್ನ ಏನು ನೋಡಬೇಕು?

ಬ್ರೆಜಿಲಿಯನ್ ಜಿಯು-ಜಿಟ್ಸುವಿನಲ್ಲಿ ಗುದ್ದು, ಒದೆತ ಇಲ್ಲ. ಎದುರಾಳಿಯನ್ನು ನೆಲಕ್ಕೆ ಕೆಡವಿ, ಹಿಡಿದಿಟ್ಟು, ಕೀಲು ಅಥವಾ ಕುತ್ತಿಗೆಗೆ ಪಟ್ಟು ಹಾಕಿ ಸೋಲೊಪ್ಪಿಸುವುದೇ ಆಟ. 1914ರಲ್ಲಿ ಬ್ರೆಜಿಲ್‌ಗೆ ಬಂದ ಜಪಾನಿನ ಜೂಡೊ ಪಟು ಮಿತ್ಸುಯೊ ಮಾಯೆದಾ ಕಲಿಸಿದ ವಿದ್ಯೆಯನ್ನು ಅಲ್ಲಿನ ಗ್ರೇಸಿ ಕುಟುಂಬ ಬೆಳೆಸಿತು. 1993ರ ಮೊದಲ ಯುಎಫ್‌ಸಿಯಲ್ಲಿ ರಾಯ್ಸ್ ಗ್ರೇಸಿ ತನಗಿಂತ ಭಾರದವರನ್ನೂ ಮಣಿಸಿ ಗೆದ್ದ ಮೇಲೆ ಇದು ಜಗತ್ತಿಗೆಲ್ಲ ಪರಿಚಯವಾಯಿತು. ಈಗ ಬೆಂಗಳೂರಿನಲ್ಲೂ ಕಲಿಸುವ ಜಿಮ್‌ಗಳಿವೆ.

ಹೊಸಬರು ಸಾಮಾನ್ಯವಾಗಿ ಗೋಡೆಯ ಮೇಲಿನ ಪದಕಗಳನ್ನು ನೋಡಿ ಜಿಮ್ ಆರಿಸುತ್ತಾರೆ. ಆದರೆ ಅಲ್ಲಿನ ಅತ್ಯುತ್ತಮ ಆಟಗಾರರು ಹೇಗೆ ಆಡುತ್ತಾರೆ ಎಂಬುದನ್ನಷ್ಟೇ ಪದಕ ಹೇಳುತ್ತದೆ. ಮೊದಲ ತಿಂಗಳಲ್ಲಿ ನಿಮ್ಮ ಮೊಣಕಾಲಿಗೆ ಏನಾದೀತು ಎಂಬುದು ಅದರಿಂದ ತಿಳಿಯುವುದಿಲ್ಲ.

ಟ್ಯಾಪ್ ಎಂದರೇನು?

ಪಟ್ಟು ಬಿದ್ದಾಗ ಎದುರಾಳಿಯ ಮೈಯನ್ನೋ ನೆಲವನ್ನೋ ಕೈಯಿಂದ ಎರಡು ಮೂರು ಸಲ ತಟ್ಟುವುದು, ಇಲ್ಲವೇ ಬಾಯಲ್ಲಿ ‘ಟ್ಯಾಪ್’ ಎನ್ನುವುದು. ಆ ಕ್ಷಣವೇ ಹಿಡಿತ ಬಿಡಬೇಕು. ಇದು ಬರೀ ಶಿಷ್ಟಾಚಾರವಲ್ಲ.

ಕುತ್ತಿಗೆಯ ಪಟ್ಟು ಉಸಿರು ಕಟ್ಟಿಸುತ್ತದೆ ಎಂದು ಹಲವರು ತಿಳಿದಿದ್ದಾರೆ. ಸರಿಯಾಗಿ ಹಾಕಿದ ಹೆಚ್ಚಿನ ಪಟ್ಟುಗಳು ಒತ್ತುವುದು ಶ್ವಾಸನಾಳವನ್ನಲ್ಲ, ಕುತ್ತಿಗೆಯ ಎರಡೂ ಬದಿಯ ಕೆರೋಟಿಡ್ ರಕ್ತನಾಳಗಳನ್ನು. ಮಿದುಳಿಗೆ ರಕ್ತ ಕಡಿಮೆಯಾಗಿ ಸುಮಾರು ಹತ್ತು ಸೆಕೆಂಡಿನಲ್ಲಿ ಪ್ರಜ್ಞೆ ತಪ್ಪಬಹುದು. ಉಸಿರಾಡಲು ಆಗುತ್ತಿದೆಯಲ್ಲ ಎಂದು ಸಹಿಸಿಕೊಂಡು ಕೂರುವುದು ಅಪಾಯ. ಅಭ್ಯಾಸದ ನಂತರ ವಿಪರೀತ ಕುತ್ತಿಗೆ ನೋವು, ತಲೆನೋವು, ದೃಷ್ಟಿ ಮಂಜಾಗುವುದು, ಕೈಯಲ್ಲಿ ಶಕ್ತಿ ಕುಂದುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಕೀಲಿನ ಪಟ್ಟುಗಳಲ್ಲಿ ನೋವು ಎಚ್ಚರಿಕೆ ಕೊಡುತ್ತದೆ, ಆದರೆ ಯಾವಾಗಲೂ ಅಲ್ಲ. ಹಿಮ್ಮಡಿಯನ್ನು ತಿರುಚುವ ‘ಹೀಲ್ ಹುಕ್’ ಪಟ್ಟಿನ ಭಾರ ಬೀಳುವುದು ಮೊಣಕಾಲಿನ ಮೇಲೆ. ಜೋರು ನೋವು ಬರುವಷ್ಟರಲ್ಲಿ ಅಸ್ಥಿರಜ್ಜು ಹರಿದಿರಬಹುದು. ಅಂತರರಾಷ್ಟ್ರೀಯ ಸಂಸ್ಥೆಯಾದ ಐಬಿಜೆಜೆಎಫ್‌ನ ಪಂದ್ಯಗಳಲ್ಲಿ ಬಿಳಿ ಬೆಲ್ಟಿನವರಿಗೆ ಇದು ನಿಷಿದ್ಧ. ಮೊದಲ ವಾರಗಳಲ್ಲೇ ಹೊಸಬರ ಮೇಲೆ ಇದನ್ನು ಪ್ರಯೋಗಿಸಲು ಬಿಡುವ ಜಿಮ್‌ನಿಂದ ದೂರವಿರಿ.

ಒಂದು ತರಗತಿ ಕುಳಿತು ನೋಡಿ

ಹಣ ಕಟ್ಟುವ ಮೊದಲು ಒಂದು ಇಡೀ ತರಗತಿಯನ್ನು ನೋಡಿ. ಹೊಸಬರಿಗೆ ಮೊದಲು ಟ್ಯಾಪ್ ಮಾಡುವುದನ್ನೂ ಸುರಕ್ಷಿತವಾಗಿ ಬೀಳುವುದನ್ನೂ ಕಲಿಸುತ್ತಾರೆಯೇ? ‘ರೋಲಿಂಗ್’ ಎನ್ನುವ ಅಭ್ಯಾಸ ಕುಸ್ತಿಗೆ ಅವರನ್ನು ಯಾರ ಜೊತೆ ಬಿಡುತ್ತಾರೆ? 55 ಕಿಲೋದವರ ಮೇಲೆ 90 ಕಿಲೋದ ಇನ್ನೊಬ್ಬ ಹೊಸಬ ಬಲಪ್ರಯೋಗ ಮಾಡುತ್ತಿದ್ದರೆ ಗುರುಗಳು ತಡೆಯುತ್ತಾರೆಯೇ, ಅಥವಾ ಫೋನು ನೋಡುತ್ತಿರುತ್ತಾರೆಯೇ? ‘ಈ ಸುತ್ತು ಬೇಡ’, ‘ಇವರ ಜೊತೆ ಬೇಡ’ ಎಂದವರನ್ನು ಗೇಲಿ ಮಾಡುತ್ತಾರೆಯೇ? ಹೆಣ್ಣುಮಕ್ಕಳು ಸೇರುವುದಾದರೆ, ಅಲ್ಲಿ ಈಗಾಗಲೇ ಕಲಿಯುತ್ತಿರುವ ಮಹಿಳೆಯರನ್ನು ಮಾತನಾಡಿಸುವುದು ಒಳ್ಳೆಯದು.

ಮ್ಯಾಟ್ ಸ್ವಚ್ಛವಾಗಿದೆಯೇ?

ಚರ್ಮಕ್ಕೆ ಚರ್ಮ ಉಜ್ಜುವ ಆಟವಿದು. ಹುಳುಕಡ್ಡಿ ಬೇಗ ಹರಡುತ್ತದೆ. ಹೆಸರಿನಲ್ಲಿ ಹುಳು ಇದ್ದರೂ ಅದು ಶಿಲೀಂಧ್ರದ ಸೋಂಕು. ಸ್ಟೆಫೈಲೊಕಾಕಸ್ ಬ್ಯಾಕ್ಟೀರಿಯಾದಿಂದ ಕೀವು ತುಂಬಿದ ಗುಳ್ಳೆಗಳೂ ಆಗಬಹುದು. ಮ್ಯಾಟನ್ನು ದಿನವೂ ಸೋಂಕುನಾಶಕದಿಂದ ಒರೆಸುತ್ತಾರೆಯೇ ಎಂದು ಕೇಳಿ. ಬರಿಗಾಲಲ್ಲಿ ಶೌಚಾಲಯಕ್ಕೆ ಹೋಗಿ ಹಾಗೇ ಮ್ಯಾಟ್ ಹತ್ತುವವರಿದ್ದರೆ ಉತ್ತರ ಅಲ್ಲೇ ಸಿಕ್ಕಿತು. ನಿಮ್ಮ ಪಾಲಿನ ಕೆಲಸವೂ ಇದೆ: ಉಗುರು ಕತ್ತರಿಸಿ, ಮುಗಿದ ಕೂಡಲೇ ಸ್ನಾನ ಮಾಡಿ, ‘ಗಿ’ ಎಂಬ ಸಮವಸ್ತ್ರವನ್ನು ಪ್ರತಿಸಲವೂ ಒಗೆಯಿರಿ. ಹುಳುಕಡ್ಡಿಗೆ ಅಂಗಡಿಯಲ್ಲಿ ಕೇಳಿ ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚಬೇಡಿ. ತುರಿಕೆ ತಗ್ಗಿದಂತೆ ಕಂಡರೂ ಸೋಂಕು ಹೆಚ್ಚುತ್ತದೆ. ವಾಸಿಯಾಗುವ ತನಕ ರಜೆ ಹಾಕಿ.

ಬೆಲ್ಟು ಮತ್ತು ಶುಲ್ಕ

ದೊಡ್ಡವರಿಗೆ ಬೆಲ್ಟುಗಳು ಬಿಳಿ, ನೀಲಿ, ನೇರಳೆ, ಕಂದು, ಕಪ್ಪು ಈ ಕ್ರಮದಲ್ಲಿ ಸಿಗುತ್ತವೆ. ಕಪ್ಪು ಬೆಲ್ಟಿಗೆ ಸಾಮಾನ್ಯವಾಗಿ ಹತ್ತು ವರ್ಷದ ಆಸುಪಾಸು ಬೇಕು. ಎರಡು ವರ್ಷದಲ್ಲಿ ಕೊಡಿಸುತ್ತೇವೆ ಎಂದರೆ ನಂಬಬೇಡಿ. ಗುರುಗಳಿಗೆ ಬೆಲ್ಟು ಕೊಟ್ಟವರು ಯಾರು ಎಂದು ಕೇಳುವುದರಲ್ಲಿ ತಪ್ಪಿಲ್ಲ, ಈ ಕಲೆಯಲ್ಲಿ ಅದು ಮಾಮೂಲು ಪ್ರಶ್ನೆ. ಜಾಗರೂಕತೆಯಿಂದ ಕಲಿಸುವ ನೇರಳೆ ಅಥವಾ ಕಂದು ಬೆಲ್ಟಿನವರೂ ಹೊಸಬರಿಗೆ ಸಾಕು.

ವರ್ಷದ ಶುಲ್ಕಕ್ಕೆ ರಿಯಾಯಿತಿ ಇದ್ದರೂ ಮೊದಲು ಒಂದು ತಿಂಗಳದ್ದನ್ನಷ್ಟೇ ಕಟ್ಟಿ. ಮನೆಗೆ ಹತ್ತಿರವಿರುವ ಜಿಮ್ಮಿಗೆ ತಪ್ಪದೆ ಹೋಗುವುದು ಸುಲಭ. ಬೆನ್ನು, ಕುತ್ತಿಗೆಯ ತೊಂದರೆಯೋ ಹೃದಯದ ಕಾಯಿಲೆಯೋ ಇದ್ದರೆ ವೈದ್ಯರನ್ನು ಕೇಳಿಯೇ ಸೇರಿ, ಮತ್ತು ಅದನ್ನು ಗುರುಗಳಿಗೂ ಮೊದಲ ದಿನವೇ ತಿಳಿಸಿ.