ಹಳೇ ಕಾರಿನಲ್ಲಿ ಪೆಟ್ರೋಲ್ ವಾಸನೆಯೇ? ಮೂಗು ಮುಚ್ಚಿಕೊಳ್ಳಬೇಡಿ!

ಸಾಂಬಾರಿಗೆ ಇಂಗು ಬಿದ್ದಿದೆಯೋ ಇಲ್ಲವೋ ಅಂತ ಹಾಲ್‌ನಲ್ಲಿ ಕೂತೇ ಹೇಳಬಲ್ಲ ಮೂಗು ನಮ್ಮದು. ಒಲೆಯ ಮೇಲೆ ಹಾಲು ಸೀದರೆ ಮಹಡಿ ಮೇಲಿದ್ದರೂ ಗೊತ್ತಾಗುತ್ತದೆ. ಅದೇ ಮೂಗಿಗೆ ಕಾರಿನೊಳಗೆ ಪೆಟ್ರೋಲ್ ವಾಸನೆ ಬಡಿದಾಗ ಏನು ಮಾಡುತ್ತೇವೆ ಹೇಳಿ? ಕಿಟಕಿ ಗಾಜು ಇಳಿಸುತ್ತೇವೆ. ಡ್ಯಾಶ್‌ಬೋರ್ಡಿನ ಮೇಲೆ ಒಂದು ಪರ್ಫ್ಯೂಮ್ ಡಬ್ಬಿ ತಂದಿಡುತ್ತೇವೆ! 'ಹಳೇ ಗಾಡಿ ಅಲ್ವಾ, ವಾಸನೆ ಇದ್ದಿದ್ದೇ' ಅಂತ ಮನೆಯವರು ಅಂದರೆ, ಇರಬಹುದೇನೋ ಅಂದುಕೊಂಡು ಸುಮ್ಮನಾಗುತ್ತೇವೆ.

ದಯವಿಟ್ಟು ಸುಮ್ಮನಾಗಬೇಡಿ. ಪೆಟ್ರೋಲ್ ವಾಸನೆ ಹಳೇ ಕಾರಿನ ಗುಣವಲ್ಲ, ಕಾಯಿಲೆಯ ಲಕ್ಷಣ. ಕಾರು ಎಷ್ಟೇ ಹಳೆಯದಿರಲಿ, ಪೈಪು, ಟ್ಯಾಂಕು ಸರಿಯಾಗಿದ್ದರೆ ಒಳಗೆ ಕೂತವರಿಗೆ ವಾಸನೆ ಬರಕೂಡದು.

ಅಡುಗೆ ಗ್ಯಾಸ್ ಲೀಕ್ ಆದರೆ ನೆಲದ ಮಟ್ಟದಲ್ಲೇ ಹರಡುತ್ತದೆ ಅನ್ನುವುದು ನಮಗೆಲ್ಲ ಗೊತ್ತು. ಪೆಟ್ರೋಲ್ ಆವಿಯೂ ಹಾಗೇ, ಗಾಳಿಗಿಂತ ಭಾರ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲೋ, ಬಾಗಿಲು ಹಾಕಿದ ಶೆಡ್ಡಿನಲ್ಲೋ ಕಾರು ನಿಂತಿದ್ದರೆ ಆವಿ ತಗ್ಗಿನಲ್ಲಿ ಮಡುಗಟ್ಟುತ್ತದೆ. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಕಿಡಿ ತಾಕಿದರೆ ಹೊತ್ತಿಕೊಳ್ಳುವ ವಸ್ತು ಅದು. ಇನ್ನು ನಮ್ಮ ಏಪ್ರಿಲ್ ಬಿಸಿಲಲ್ಲಿ ಕೇಳಬೇಕೆ! ಬಾನೆಟ್ ಒಳಗೆ ಕಿಡಿಗೂ ಬರವಿಲ್ಲ, ಬಿಸಿಗೂ ಬರವಿಲ್ಲ.

ಆದ್ದರಿಂದ ಓಡಿಸುತ್ತಿರುವಾಗ ಘಾಟು ಜೋರಾದರೆ 'ಇನ್ನೆರಡೇ ಕಿಲೋಮೀಟರ್' ಅನ್ನಬೇಡಿ. ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಮೊದಲು ಮಕ್ಕಳನ್ನು ಇಳಿಸಿ ದೂರ ಕರೆದೊಯ್ಯಿರಿ. ಬಾನೆಟ್ ಸಂದಿನಿಂದ ಹೊಗೆ ಬರುತ್ತಿದ್ದರೆ ಅದನ್ನು ಎತ್ತಿ ನೋಡುವ ಧೈರ್ಯ ಬೇಡ, ಗಾಳಿ ನುಗ್ಗಿದರೆ ಬೆಂಕಿ ಭುಗಿಲೇಳುತ್ತದೆ. 112ಕ್ಕೆ ಫೋನ್ ಮಾಡಿ. ನೀರು ಎರಚುವುದೂ ಬೇಡ. ಪೆಟ್ರೋಲ್ ನೀರಿನ ಮೇಲೆ ತೇಲಿಕೊಂಡೇ ಉರಿಯುತ್ತದೆ.

ಕೆಳಗೆ ಬಿದ್ದಿರುವುದು ಏನು?

ಕಾರಿನಡಿ ಒದ್ದೆ ಕಂಡ ಕೂಡಲೇ ಗಾಬರಿಯಾಗಬೇಕಿಲ್ಲ. ಎಸಿ ಹಾಕಿಕೊಂಡು ಬಂದಿದ್ದರೆ ಮುಂದಿನ ಎಡಸೀಟಿನ ಆಸುಪಾಸು ತೊಟ್ಟಿಕ್ಕುವುದು ಬರೀ ನೀರು. ಹಸಿರೋ ಗುಲಾಬಿಯೋ ಬಣ್ಣವಿದ್ದರೆ ರೇಡಿಯೇಟರಿನ ಕೂಲೆಂಟ್. ಕಂದು, ಕಪ್ಪು ಜಿಡ್ಡಾದರೆ ಎಂಜಿನ್ ಆಯಿಲ್. ಚಕ್ರದ ಹತ್ತಿರ ಜಾರುವ ಎಣ್ಣೆಯಂಥದ್ದು ಕಂಡರೆ ಬ್ರೇಕ್ ಆಯಿಲ್ ಇರಬಹುದು. ಆಗ ಗಾಡಿ ತೆಗೆಯಲೇಬೇಡಿ. ಪೆಟ್ರೋಲ್ ಮಾತ್ರ ಮಹಾ ಕಳ್ಳ! ಬಿದ್ದ ಸ್ವಲ್ಪ ಹೊತ್ತಿಗೆ ಆರಿಹೋಗುತ್ತದೆ. ಬೆಳಿಗ್ಗೆ ರಂಗೋಲಿ ಹಾಕುವಾಗ ನೋಡಿದರೆ ನೆಲ ಒಣಗಿರುತ್ತದೆ, ತೆಳುವಾದ ಒಂದು ಉಂಗುರದ ಗುರುತು ಉಳಿದಿದ್ದರೆ ಹೆಚ್ಚು. ಹಾಗಾಗಿ ಕಾರು ನಿಲ್ಲಿಸಿದ ಕೂಡಲೇ ಅಡಿಗೆ ರಟ್ಟು ಹಾಸಿ, ಹದಿನೈದು ನಿಮಿಷ ಬಿಟ್ಟು ತೆಗೆದು ಮೂಸಿ ನೋಡಿ. ಒದ್ದೆ ಎಲ್ಲಿ ಬಿದ್ದಿದೆ, ಮುಂದೋ ಹಿಂದೋ ಅಂತಲೂ ಗುರುತಿಟ್ಟುಕೊಳ್ಳಿ.

ಹುಡುಕುವ ಕೆಲಸ ಹಗಲಲ್ಲಿ, ಬಯಲಲ್ಲಿ, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ. ಕೈಯಲ್ಲಿ ಟಾರ್ಚ್ ಸಾಕು. ವಾಸನೆ ಇರುವಷ್ಟು ದಿನ ಶುಕ್ರವಾರದ ಪೂಜೆಗೆ ಕಾರಿಗೆ ಊದುಬತ್ತಿ ಸಿಕ್ಕಿಸುವುದು ಬೇಡ. ನಿಂಬೆಹಣ್ಣು, ಹೂವಿನಿಂದ ತೊಂದರೆಯಿಲ್ಲ ಬಿಡಿ!

ಯಾವಾಗ ವಾಸನೆ ಬರುತ್ತದೆ?

ಎಲ್ಲಿ ಸೋರುತ್ತಿದೆ ಅನ್ನುವುದಕ್ಕೆ ಅರ್ಧ ಉತ್ತರ ಇರುವುದು ಈ ಪ್ರಶ್ನೆಯಲ್ಲಿ. ನಮ್ಮ ರಸ್ತೆಯ ಕೊನೆಮನೆಯ ಆಂಟಿ ಹತ್ತಿರ 1998ರ ಮಾರುತಿ 800 ಇದೆ. ಅಂಕಲ್ ತೆಗೆದುಕೊಂಡ ಮೊದಲ ಕಾರು. ಮಾರುವ ಮನಸ್ಸಿಲ್ಲ, ಆರ್‌ಸಿ ನವೀಕರಿಸಿಕೊಂಡು ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಆ ಕಾರಿಗೆ ಕೆಲವು ದಿನ ವಿಪರೀತ ಪೆಟ್ರೋಲ್ ವಾಸನೆ, ಕೆಲವು ದಿನ ಏನೂ ಇಲ್ಲ. ಗ್ಯಾರೇಜಿಗೆ ಬಿಟ್ಟರು, ಕಾರ್ಬುರೇಟರ್ ಕ್ಲೀನ್ ಮಾಡಿದರು. ವಾಸನೆ ಹೋಯಿತು, ಮತ್ತೆ ಬಂತು. ಕಾರ್ಬುರೇಟರ್ ಕಿಟ್ಟೇ ಬದಲಾಯಿಸಿದರು. ಆಗಲೂ ಹೋಯಿತು, ಬಂತು. ಕೊನೆಗೆ 'ಗಾಡಿಗೆ ವಯಸ್ಸಾಯ್ತು ಮೇಡಂ, ಕೊಟ್ಬಿಡಿ' ಅನ್ನುವ ಉಪದೇಶವೂ ಆಯಿತು.

ಆಂಟಿ ಏನು ಮಾಡಿದರು ಗೊತ್ತೆ? ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ವಾಸನೆ ಬಂದ ದಿನಕ್ಕೊಂದು ಸುನ್ನೆ, ಬಂಕಿಗೆ ಹೋದ ದಿನಕ್ಕೊಂದು ಗೀಟು ಹಾಕುತ್ತ ಬಂದರು. ಎರಡು ತಿಂಗಳಲ್ಲಿ ಚಿತ್ರ ಸ್ಪಷ್ಟವಾಯಿತು. ಟ್ಯಾಂಕ್ ತುಂಬಿಸಿದ ಬೆನ್ನಿಗೇ ಸುನ್ನೆಗಳು ಸಾಲಾಗಿ ಬೀಳುತ್ತಿದ್ದವು, ಟ್ಯಾಂಕ್ ಅರ್ಧಕ್ಕೆ ಇಳಿದರೆ ಸುನ್ನೆಯೇ ಇಲ್ಲ! ಕ್ಯಾಲೆಂಡರ್ ಹಾಳೆ ಹಿಡಿದುಕೊಂಡೇ ಬೇರೆ ಮೆಕ್ಯಾನಿಕ್ ಹತ್ತಿರ ಹೋದರು. ಆತ ಬಾನೆಟ್ ಮುಟ್ಟಲೇ ಇಲ್ಲ, ನೇರ ಹಿಂದಕ್ಕೆ ಹೋದ. ಪೆಟ್ರೋಲ್ ಹಾಕುವ ಬಾಯಿಯಿಂದ ಟ್ಯಾಂಕಿಗೆ ಹೋಗುವ ದಪ್ಪ ರಬ್ಬರ್ ಪೈಪು ಕೆಳಮೈಯಲ್ಲಿ ಸೀಳಿತ್ತು. ಟ್ಯಾಂಕ್ ತುಂಬಿದಾಗ ಮಾತ್ರ ಪೆಟ್ರೋಲ್ ಆ ಮಟ್ಟಕ್ಕೆ ಏರುತ್ತಿತ್ತು, ಸೋರುತ್ತಿತ್ತು. ಅಷ್ಟು ದಿನ ಕಾರ್ಬುರೇಟರಿಗೆ ಸುರಿದ ದುಡ್ಡು ಸುಮ್ಮನೆ ದಂಡ.

ನೀವೂ ಹೀಗೇ ಗಮನಿಸಿ. ಬೆಳಿಗ್ಗೆ ತಣ್ಣಗಿರುವಾಗ ಮಾತ್ರ ವಾಸನೆ ಬಂದು ಆಮೇಲೆ ಹೋಗುತ್ತಿದ್ದರೆ, ಗಟ್ಟಿಯಾದ ರಬ್ಬರ್ ಪೈಪಿನ ಕ್ಲಿಪ್ ಹತ್ತಿರ ಅನುಮಾನಪಡಿ. ಬಿಸಿಯಾದ ಮೇಲೆ ರಬ್ಬರ್ ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತದೆ. ಎಂಜಿನ್ ಓಡುವಾಗಲೇ ಬಂದರೆ ಪಂಪು, ಇಲ್ಲವೇ ಅಲ್ಲಿಂದ ಮುಂದಿನ ಪೈಪು. ಕಾರ್ಬುರೇಟರ್ ಹೊರಮೈ ತೊಯ್ದು, ಸ್ಟಾರ್ಟ್ ಮಾಡಲು ಒದ್ದಾಡಿಸಿದರೆ ಅದರೊಳಗಿನ ಫ್ಲೋಟ್ ಸೂಜಿ ಸರಿಯಾಗಿ ಕೂರುತ್ತಿಲ್ಲ. ಓವರ್‌ಹೆಡ್ ಟ್ಯಾಂಕಿನ ಬಾಲ್ ವಾಲ್ವ್ ಕೆಟ್ಟರೆ ನೀರು ಉಕ್ಕುವುದಿಲ್ಲವೇ, ಹಾಗೆ.

ಕಾರ್ಬುರೇಟರ್ ಗಾಡಿಯಾದರೆ ಇನ್ನೊಂದು ಪರೀಕ್ಷೆ. ಎಂಜಿನ್ ಆಯಿಲ್ ನೋಡುವ ಕಡ್ಡಿ ಎಳೆದು ಮೂಸಿ. ಪೆಟ್ರೋಲ್ ಘಾಟು ಬಂದು, ಆಯಿಲ್ ಮಟ್ಟ ಹಾಕದೇ ಏರಿದ್ದರೆ ಎಂಜಿನ್ ಮೇಲೆ ಕೂರಿಸಿರುವ ಪಂಪಿನ ಒಳಪೊರೆ ಹರಿದು, ಪೆಟ್ರೋಲ್ ಆಯಿಲ್‌ಗೆ ಇಳಿಯುತ್ತಿರಬಹುದು. ನೆಲದ ಮೇಲೆ ಒಂದು ಹನಿಯೂ ಬಿದ್ದಿರುವುದಿಲ್ಲ! ಆಮೇಲೆ ಕಾರು ಓಡಿಸಬೇಡಿ. ನೀರಾದ ಆಯಿಲ್‌ನಲ್ಲಿ ಎಂಜಿನ್ನೇ ಸವೆದುಹೋಗುತ್ತದೆ.

ರಬ್ಬರಿಗೆ ಬಂದ ಹೊಸ ಕಷ್ಟ

ಹಳೇ ಕಾರಿನಲ್ಲಿ ಮೊದಲು ಸೋಲುವುದು ರಬ್ಬರ್. ಬಿಸಿಗೆ, ವಯಸ್ಸಿಗೆ ಒಣಗುತ್ತದೆ. ಬೇಸ್‌ಮೆಂಟಿನ ಇಲಿರಾಯರ ಹಲ್ಲೂ ಬೀಳುತ್ತದೆ. ಜೊತೆಗೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಶೇಕಡ 20 ಎಥನಾಲ್ ಬೆರೆಸಿದ ಪೆಟ್ರೋಲ್ ಬಿಡುಗಡೆಯಾಯಿತಲ್ಲ, 2025ರ ಹೊತ್ತಿಗೆ ಬಂಕುಗಳಲ್ಲಿ ಅದೇ ಮಾಮೂಲಾಯಿತು. ಅದನ್ನು ತಡೆದುಕೊಳ್ಳಲೆಂದು ಮಾಡಿರದ ಹಳೆಯ ರಬ್ಬರ್ ಎಥನಾಲ್ ತಾಕಿ ಉಬ್ಬುತ್ತದೆ, ಸಡಿಲವಾಗುತ್ತದೆ. ಕೆಲವು ಹಳೇ ಗಾಡಿಗಳ ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಾಯಿಸಬೇಕಾಗಬಹುದು ಅಂತ ಸರ್ಕಾರವೇ ಹೇಳಿದೆ. ನನ್ನ ಅಭಿಪ್ರಾಯ ಕೇಳಿದರೆ, ಒಂದು ಪೈಪು ಸೀಳಿತು ಅಂದರೆ ಜೊತೆಯವಕ್ಕೂ ಅಷ್ಟೇ ವಯಸ್ಸು. ಎಲ್ಲವನ್ನೂ ಒಟ್ಟಿಗೇ ಬದಲಾಯಿಸಿಬಿಡಿ. ಪೈಪಿನ ಖರ್ಚು ದೊಡ್ಡದಲ್ಲ, ಪದೇ ಪದೇ ಗ್ಯಾರೇಜಿಗೆ ಅಲೆಯುವುದೇ ದುಬಾರಿ.

ಬೆಂಗಳೂರಿನವರಾದರೆ ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಹಳೇ ಕಾರಿನ ಸಾಮಾನೂ ಸಿಗುತ್ತದೆ. ಎಥನಾಲ್ ತಡೆಯುವ ಪೆಟ್ರೋಲ್ ಪೈಪೇ ಬೇಕು ಅಂತ ಕೇಳಿ. ಅಕ್ವೇರಿಯಂ ಪೈಪಿನಂಥ ಪಾರದರ್ಶಕ ಪ್ಲಾಸ್ಟಿಕ್ ಪೈಪು ಸಿಕ್ಕಿಸಿ ಕೊಟ್ಟರೆ ಒಪ್ಪಬೇಡಿ. 2000ದ ಆಸುಪಾಸು ಬಂದ ಎಂಪಿಎಫ್‌ಐ ಗಾಡಿಗಳ ವಿಷಯವೇ ಬೇರೆ. ಟೈರಿಗೆ 30 ಪೌಂಡ್ ಗಾಳಿ ಹಾಕಿಸುತ್ತೀರಲ್ಲ, ಅವುಗಳ ಪೆಟ್ರೋಲ್ ಪೈಪಿನಲ್ಲಿ 40ರ ಸುಮಾರು ಒತ್ತಡ ಇರುತ್ತದೆ. ಅಲ್ಲಿ ಕಾರ್ಬುರೇಟರ್ ಗಾಡಿಯ ಪೈಪು ಹಾಕಿದರೆ ಕಿತ್ತುಕೊಂಡೇ ಹೋಗಬಹುದು. ಇಂಜೆಕ್ಷನ್ ಪೈಪು ಅಂತಲೇ ಕೇಳಬೇಕು. ಎಂಜಿನ್ ನಿಲ್ಲಿಸಿದ ಮೇಲೂ ಒತ್ತಡ ಉಳಿದಿರುವುದರಿಂದ ಆ ಪೈಪನ್ನು ಮನೆಯಲ್ಲಿ ಬಿಚ್ಚುವ ಸಾಹಸ ಬೇಡ.

ತುಕ್ಕು ತಿಂದ ಟ್ಯಾಂಕಿನ ತೂತಿಗೆ ಬಟ್ಟೆ ಸೋಪು ಒತ್ತಿ ಮುಚ್ಚುವುದು ನಮ್ಮ ಗ್ಯಾರೇಜುಗಳ ಹಳೇ ಉಪಾಯ. ಆ ಹೊತ್ತಿಗೆ ಹನಿ ನಿಲ್ಲಬಹುದು, ಆದರೆ ಅದು ರಿಪೇರಿ ಅಲ್ಲ. ಟ್ಯಾಂಕ್ ಬಿಚ್ಚದೆ ವೆಲ್ಡಿಂಗ್ ಮಾಡುತ್ತೇನೆ ಅಂದವರಿಗಂತೂ ದೊಡ್ಡ ನಮಸ್ಕಾರ ಹೇಳಿ ಬನ್ನಿ. ಖಾಲಿ ಟ್ಯಾಂಕಿನಲ್ಲಿ ಪೆಟ್ರೋಲ್ ಇರದಿದ್ದರೂ ಆವಿ ತುಂಬಿರುತ್ತದೆ, ಸಿಡಿಯಲು ಅಷ್ಟು ಸಾಕು. ಬದಲಿ ಟ್ಯಾಂಕ್ ಹಾಕಿಸುವುದೇ ಕ್ಷೇಮ.

ರಿಪೇರಿಯಾದ ಮೇಲೆ ಬಿಚ್ಚಿದ ಹಳೇ ಪೈಪನ್ನು ಕೇಳಿ ತಗೊಂಡು, ಬಗ್ಗಿಸಿ ಸೀಳು ನೋಡಿ. ಗ್ಯಾರೇಜಿನಲ್ಲೇ ಎಂಜಿನ್ ಐದು ನಿಮಿಷ ಓಡಿಸಿ, ಆಫ್ ಮಾಡಿಸಿ, ಹೊಸ ಕ್ಲಿಪ್ಪುಗಳ ಸುತ್ತ ಟಿಶ್ಯೂ ಕಾಗದ ಒತ್ತಿಸಿ ನೋಡಿ. ಮನೆಗೆ ಬಂದು ಮತ್ತೆ ರಟ್ಟು ಹಾಸಿ. ಒಂದು ಸಲ ಟ್ಯಾಂಕ್ ತುಂಬಿಸಿ, ಮಾರನೆಯ ಬೆಳಿಗ್ಗೆ ಕಾರಿನ ಬಾಗಿಲು ತೆಗೆದ ಕೂಡಲೇ ಮೂಸಿ ನೋಡಿ. ಪರ್ಫ್ಯೂಮ್ ಡಬ್ಬಿಯನ್ನು ಅಷ್ಟು ದಿನ ಹೊರಗೇ ಇಟ್ಟಿರಿ.