ತೆರೆಯ ಮೇಲಣ ಕ್ರಿಕೆಟ್

ಬಯಲುಗಳು ಕಿರಿದಾಗುತ್ತಿರುವ ನಗರಗಳಲ್ಲಿ ಕ್ರಿಕೆಟ್ ಆಟವು ಈಗ ಎರಡು ಎಡೆಗಳಲ್ಲಿ ನೆಲೆಸಿದೆ. ಒಂದು ಮೈದಾನ, ಇನ್ನೊಂದು ಮನೆಯೊಳಗಿನ ತೆರೆ. ತೆರೆಯ ಮೇಲಣ ಆಟಗಳಲ್ಲಿಯೂ ಎರಡು ಬಗೆಗಳುಂಟು. ಬಂದ ಚೆಂಡೆಲ್ಲವೂ ಸಿಕ್ಸರ್ ಆಗಿ ಹಾರಿಹೋಗುವ ವಿನೋದದ ಆಟಗಳು ಮೊದಲನೆಯ ಬಗೆ. ನಿಜವಾದ ಪಂದ್ಯದಲ್ಲಿ ನಡೆಯುವಂತೆಯೇ ತನ್ನಲ್ಲಿಯೂ ನಡೆಯಬೇಕೆಂದು ಹವಣಿಸುವ ವಿಡಿಯೋ ಆಟಗಳು ಎರಡನೆಯ ಬಗೆ. ಮೊದಲನೆಯದನ್ನು ಆಡಿದವರು ನಕ್ಕು ಏಳುತ್ತಾರೆ; ಎರಡನೆಯದನ್ನು ಆಡಿದವರು ಅನೇಕ ವೇಳೆ ಸಿಡುಕಿಕೊಂಡು ಏಳುತ್ತಾರೆ. ಆದರೂ ಮರುದಿನ ಅದನ್ನೇ ಹುಡುಕಿಕೊಂಡು ಬರುತ್ತಾರೆ. ಇದಕ್ಕೆ ಕಾರಣವೇನೆಂಬುದನ್ನು ಇಲ್ಲಿ ವಿಚಾರ ಮಾಡೋಣ.

ಆಟವೊಂದು ನಿಜಕ್ಕೆ ಹತ್ತಿರವಾಗಿದೆಯೇ ಎಂದು ತಿಳಿಯಬೇಕಾದರೆ ಮೊದಲು ನಿಜವನ್ನೇ ನೋಡಬೇಕು. ವಿಶಾಖಪಟ್ಟಣದ ಮಧುರವಾಡದಲ್ಲಿ ಒಂದು ದೊಡ್ಡ ಕ್ರೀಡಾಂಗಣವಿದೆ. ೨೦೦೫ರ ಏಪ್ರಿಲ್ ೫ರಂದು ಪಾಕಿಸ್ತಾನದ ವಿರುದ್ಧ ಮಹೇಂದ್ರ ಸಿಂಗ್ ಧೋನಿಯವರು ೧೪೮ ಓಟಗಳನ್ನು ಗಳಿಸಿ ದೇಶಕ್ಕೆಲ್ಲ ಪರಿಚಿತರಾದುದು ಅಲ್ಲಿಯೇ. ೨೦೧೯ರ ಅಕ್ಟೋಬರಿನಲ್ಲಿ ಅದೇ ನೆಲದ ಮೇಲೆ ಭಾರತಕ್ಕೂ ದಕ್ಷಿಣ ಆಫ್ರಿಕಕ್ಕೂ ಟೆಸ್ಟ್ ಪಂದ್ಯ ನಡೆಯಿತು. ನಮ್ಮ ಕರ್ನಾಟಕದ ಮಯಂಕ್ ಅಗರ್ವಾಲರು ಮೊದಲನೆಯ ಸರದಿಯಲ್ಲಿ ೨೧೫ ಓಟಗಳನ್ನು ಗಳಿಸಿದರು. ಅವರೂ ರೋಹಿತ್ ಶರ್ಮರೂ ಸೇರಿ ಮೊದಲ ವಿಕೆಟ್ಟಿಗೆ ೩೧೭ ಓಟಗಳನ್ನು ಕೂಡಿಸಿದರು. ಎರಡನೆಯ ಸರದಿಯಲ್ಲಿ ಅದೇ ಮಯಂಕರು ಏಳು ಓಟಗಳಿಗೆ ಹಿಂದಿರುಗಿದರು. ಕೊನೆಯ ದಿನ ಮೊಹಮ್ಮದ್ ಶಮಿಯವರು ೩೫ ಓಟಗಳನ್ನಿತ್ತು ಐದು ವಿಕೆಟ್ ಕಿತ್ತರು. ಭಾರತ ೨೦೩ ಓಟಗಳಿಂದ ಗೆದ್ದಿತು. ಒಂದೇ ವಾರ, ಒಂದೇ ಮೈದಾನ, ಒಬ್ಬನೇ ದಾಂಡಿಗ. ಒಮ್ಮೆ ೨೧೫, ಇನ್ನೊಮ್ಮೆ ೭. ತೆರೆಯ ಮೇಲಣ ಆಟಕ್ಕೆ ಇದಕ್ಕಿಂತ ಒಳ್ಳೆಯ ಒರೆಗಲ್ಲು ಬೇಕಿಲ್ಲ. ಇವೆರಡಕ್ಕೂ ತನ್ನಲ್ಲಿ ಎಡೆಯಿಟ್ಟುಕೊಂಡಿರುವ ಆಟವೇ ನೈಜವಾದುದು.

ಯಂತ್ರವು ಇದನ್ನು ಸಾಧಿಸುವುದು ಲೆಕ್ಕದಿಂದ. ಪ್ರತಿಯೊಬ್ಬ ಆಟಗಾರನ ಬಲಕ್ಕೂ ದೌರ್ಬಲ್ಯಕ್ಕೂ ಅದರೊಳಗೆ ಅಂಕಗಳಿರುತ್ತವೆ. ಚೆಂಡಿನ ವೇಗ, ಅದು ನೆಲಕ್ಕೆ ತಗಲುವ ಕೋನ, ದಾಂಡು ಅದನ್ನು ಮುಟ್ಟಿದ ಕ್ಷಣ, ಇವೆಲ್ಲವನ್ನೂ ಯಂತ್ರವು ಗುಣಿಸಿ ಕೂಡಿಸುತ್ತದೆ. ಬಳಿಕ, ಚೌಕಾಬಾರದಲ್ಲಿ ಕವಡೆ ಹಾಕುವಂತೆ, ಕೊಂಚ ಅದೃಷ್ಟವನ್ನೂ ಬೆರೆಸುತ್ತದೆ. ಕವಡೆಯಿಲ್ಲದಿದ್ದರೆ ಪ್ರತಿ ಪಂದ್ಯವೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುತ್ತಿತ್ತು.

ಇಂತಹ ಆಟದ ಮೊದಲನೆಯ ಗುಣವೆಂದರೆ ಅದು ಕಣ್ಣಿಗೆ ಶಿಕ್ಷಣ ಕೊಡುತ್ತದೆ. ಗಂಟೆಗೆ ೧೪೦ ಕಿಲೋಮೀಟರ್ ವೇಗದ ಎಸೆತವು ದಾಂಡಿಗನನ್ನು ತಲಪಲು ಸುಮಾರು ಅರ್ಧ ಸೆಕೆಂಡು ಸಾಕು. ಹಿಂದಿನ ಅನೇಕ ಆಟಗಳಲ್ಲಿ ಚೆಂಡು ಬೀಳುವ ಜಾಗದಲ್ಲಿ ಮುಂದಾಗಿಯೇ ಒಂದು ಗುರುತು ಕಾಣಿಸಿಕೊಳ್ಳುತ್ತಿತ್ತು. ಆಡುವವರು ಆ ಗುರುತನ್ನು ನೋಡಿ ದಾಂಡು ಬೀಸುತ್ತಿದ್ದರು. ೨೦೧೪ರಲ್ಲಿ ಮೆಲ್ಬರ್ನಿನ ಬಿಗ್ ಆ್ಯಂಟ್ ಸಂಸ್ಥೆಯು ಹೊರತಂದ ‘ಡಾನ್ ಬ್ರಾಡ್ಮನ್ ಕ್ರಿಕೆಟ್ ೧೪’ ಆಟದಲ್ಲಿ ದಾಂಡಿಗನಿಗೆ ಆ ಊರುಗೋಲು ಇರಲಿಲ್ಲ. ಎಸೆತಗಾರನ ಕೈಯನ್ನೇ ದಿಟ್ಟಿಸಿ ಚೆಂಡು ಎಲ್ಲಿ ಬೀಳುವುದೆಂದು ಊಹಿಸಬೇಕಾಯಿತು. ಎಡಗೈಯ ಪುಟ್ಟ ಹಿಡಿಯು ದಾಂಡಿಗನ ಕಾಲನ್ನೂ ಬಲಗೈಯದು ಅವನ ದಾಂಡನ್ನೂ ನಡೆಸುತ್ತಿದ್ದುವು. ಕಾಲು ತಪ್ಪಿದರೆ ದಾಂಡೂ ತಪ್ಪುವುದೆಂಬ ಹಳೆಯ ಪಾಠವು ಹೀಗೆ ಬೆರಳುಗಳಿಗೆ ಅರ್ಥವಾಯಿತು.

ಎರಡನೆಯ ಗುಣ ತಾಳ್ಮೆ. ಹೊಸ ಚೆಂಡು ಓಲಾಡುತ್ತಿರುವಾಗ ಹೊರಗಿನ ಎಸೆತವನ್ನು ಮುಟ್ಟದೆ ಬಿಡುವುದೂ ಒಂದು ವಿದ್ಯೆ. ವಿನೋದದ ಆಟದಲ್ಲಿ ಅದಕ್ಕೆ ಬೆಲೆಯಿಲ್ಲ. ನೈಜವಾದ ಆಟದಲ್ಲಿ ಅದೇ ಜೀವಾಳ. ಮೂರನೆಯದು ನಾಯಕತ್ವ. ಸ್ಲಿಪ್ಪಿನಲ್ಲಿ ಎಷ್ಟು ಮಂದಿ ನಿಲ್ಲಬೇಕು, ದಣಿದ ಎಸೆತಗಾರನನ್ನು ಯಾವಾಗ ಬದಲಿಸಬೇಕು ಎಂಬುದನ್ನು ಆಡುವವನೇ ನಿರ್ಧರಿಸಬೇಕು. ಮೈದಾನದಲ್ಲಿ ಹನ್ನೊಂದು ಮಂದಿಯಲ್ಲಿ ಒಬ್ಬನಿಗೆ ಮಾತ್ರ ದೊರೆಯುವ ಈ ಹೊಣೆ ಇಲ್ಲಿ ಎಲ್ಲರಿಗೂ ದೊರೆಯುತ್ತದೆ.

ಇನ್ನು ಕಾಟಗಳ ಮಾತು. ಅವುಗಳಲ್ಲಿ ಮೂರು ಬಗೆಗಳಿವೆ. ಮೊದಲನೆಯದು ನಮ್ಮ ತಪ್ಪಿನಿಂದ ಬರುವುದು. ಆತುರದಿಂದ ದಾಂಡು ಬೀಸಿ ಔಟಾಗಿ, ಯಂತ್ರವು ಮೋಸ ಮಾಡಿತೆಂದು ಕೂಗುವುದು ಈ ಜಾತಿಗೆ ಸೇರಿದುದು. ಎರಡನೆಯದು ಕವಡೆಯಿಂದ ಬರುವುದು. ಎಲ್ಲವನ್ನೂ ಸರಿಯಾಗಿ ಮಾಡಿದರೂ ಚೆಂಡು ನೆಟ್ಟಗೆ ಕ್ಷೇತ್ರರಕ್ಷಕನ ಕೈ ಸೇರುತ್ತದೆ. ಇದು ಅನ್ಯಾಯವೆನಿಸಿದರೂ ಅಸತ್ಯವಲ್ಲ. ಮೈದಾನದಲ್ಲಿಯೂ ಹೀಗೆ ನಡೆಯುತ್ತದೆ. ಅಮೆರಿಕದವರ ಬೇಸ್‌ಬಾಲ್ ಆಟವನ್ನು ತೆರೆಗೆ ತಂದ ‘ಎಂ.ಎಲ್.ಬಿ. ದಿ ಷೋ’ ೨೦೦೬ರಿಂದ ಬರುತ್ತಿದೆ. ಅದನ್ನು ಆಡುವವರ ದೂರೂ ಇದೇ. ಆದರೆ ಬೇಸ್‌ಬಾಲಿನಲ್ಲಿ ಹತ್ತು ಯತ್ನಗಳಲ್ಲಿ ಮೂರು ಬಾರಿ ಸಫಲನಾಗುವವನೇ ಉತ್ತಮ ದಾಂಡಿಗನೆನಿಸಿಕೊಳ್ಳುತ್ತಾನೆ. ಆ ಏಳು ಸೋಲುಗಳನ್ನು ತೋರಿಸದ ಆಟವು ಸುಳ್ಳು ಹೇಳಿದಂತೆಯೇ ಸರಿ.

ಮೂರನೆಯ ಬಗೆಯ ಕಾಟವು ಯಂತ್ರದ ಕೊರತೆಯಿಂದ ಬರುವುದು. ತೆರೆಯು ಸೆಕೆಂಡಿಗೆ ೬೦ ಚಿತ್ರಗಳನ್ನು ತೋರಿಸುವುದಾದರೆ, ಮೇಲೆ ಹೇಳಿದ ಅರ್ಧ ಸೆಕೆಂಡಿನಲ್ಲಿ ತೋರುವುದು ೩೦ ಚಿತ್ರಗಳು. ನಾವು ಗುಂಡಿಯೊತ್ತಿದುದು ತೆರೆಯ ಮೇಲೆ ಕಾಣಿಸಿಕೊಳ್ಳಲು ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗ ತಡವಾದರೂ ಮೂರು ಚಿತ್ರಗಳು ಕಳೆದುಹೋದುವು. ಕಣ್ಣೂ ಕೈಯೂ ಸರಿಯಾಗಿದ್ದಾಗಲೂ ದಾಂಡು ತಡವಾಗುವುದು ಹೀಗೆ. ಕ್ಷೇತ್ರರಕ್ಷಕನು ತನ್ನ ಮುಂದೆಯೇ ಉರುಳುವ ಚೆಂಡನ್ನು ಸುಮ್ಮನೆ ನೋಡುತ್ತ ನಿಲ್ಲುವುದೂ, ಯಂತ್ರವೇ ನಡೆಸುವ ಎದುರು ಪಕ್ಷದ ನಾಯಕನು ಗೆಲ್ಲಲು ಓಟಗಳು ಬೇಕಾದಾಗ ಚೆಂಡುಗಳನ್ನು ತಡೆಯುತ್ತ ಕೂರುವುದೂ ಇದೇ ಬಗೆಗೆ ಸೇರಿದುವು. ಐದನೆಯ ದಿನದ ನೆಲದ ಬಿರುಕುಗಳೂ, ತಗ್ಗಿ ನುಗ್ಗುವ ಚೆಂಡೂ ಲೆಕ್ಕಕ್ಕೆ ಸುಲಭವಾಗಿ ಸಿಗುವುವಲ್ಲ. ಹೆಸರುಗಳ ತೊಡಕು ಬೇರೆ. ಆಟಗಾರನ ಹೆಸರನ್ನೂ ರೂಪವನ್ನೂ ಬಳಸಲು ಹಣ ತೆತ್ತು ಅನುಮತಿ ಪಡೆಯಬೇಕು. ೨೦೦೬ರಲ್ಲಿ ಬಂದು ನಮ್ಮ ದೇಶದಲ್ಲಿ ಬಹುಕಾಲ ಪ್ರಿಯವಾಗಿದ್ದ ‘ಕ್ರಿಕೆಟ್ ೦೭’ ಆಟದಲ್ಲಿ ಭಾರತದ ಆಟಗಾರರ ನಿಜವಾದ ಹೆಸರುಗಳಿರಲಿಲ್ಲ. ೨೦೧೪ರ ಆಟದಲ್ಲಿ ಈ ಕೊರತೆಯನ್ನು ತುಂಬಿದವರು ಆಡುವವರೇ. ಆಟಗಾರರ ರೂಪಗಳನ್ನು ತಾವೇ ರಚಿಸಿ ಒಬ್ಬರಿಗೊಬ್ಬರು ಹಂಚಿಕೊಂಡರು.

ಈ ಮೂರನ್ನು ಬೇರ್ಪಡಿಸಿ ತಿಳಿಯುವುದೇ ಮುಖ್ಯವಾದ ವಿಷಯ. ಅದಕ್ಕೆ ಒಂದು ಸುಲಭವಾದ ಉಪಾಯವುಂಟು. ಔಟಾದಾಗಲೆಲ್ಲ ಒಂದು ಹಾಳೆಯಲ್ಲಿ ಮೂರು ಸಂಗತಿಗಳನ್ನು ಗುರುತು ಹಾಕಿಕೊಳ್ಳಬೇಕು: ಎಸೆತ ಎಂತಹುದು, ಆಡಿದ ಹೊಡೆತ ಯಾವುದು, ದಾಂಡು ಬೀಸಿದುದು ಬೇಗನೆಯೋ ತಡವಾಗಿಯೋ. ಇಪ್ಪತ್ತು ಬಾರಿ ಬರೆದ ಮೇಲೆ ನೋಡಿದರೆ ಸತ್ಯ ತಾನಾಗಿ ಹೊರಬೀಳುತ್ತದೆ. ಹನ್ನೆರಡು ಬಾರಿ ಹೊರಗಿನ ಚೆಂಡನ್ನು ಕೆಣಕಿ ಔಟಾಗಿದ್ದರೆ ತಪ್ಪು ನಮ್ಮದು. ಒಂದೇ ಬಗೆಯಾಗಿ ಆಡಿದ ಹೊಡೆತಕ್ಕೆ ಒಮ್ಮೆ ನಾಲ್ಕು ಓಟ, ಒಮ್ಮೆ ಕ್ಯಾಚು ಬಂದಿದ್ದರೆ ಅದು ಕವಡೆಯ ಆಟ. ಹೇಗೆ ಆಡಿದರೂ ಒಂದೇ ವಿಚಿತ್ರ ಮತ್ತೆ ಮತ್ತೆ ಕಾಣಿಸಿಕೊಂಡರೆ ಮಾತ್ರ ಯಂತ್ರವನ್ನು ದೂರಬಹುದು. ವಿಜ್ಞಾನದ ತರಗತಿಯಲ್ಲಿ ನಾವು ಮಾಡುವ ಪ್ರಯೋಗದ ಕ್ರಮವೂ ಇದಕ್ಕಿಂತ ಭಿನ್ನವಲ್ಲ.

ಎಲ್ಲ ಸೋಲಿಗೂ ಯಂತ್ರವನ್ನೇ ಹಳಿಯುವ ವಿದ್ಯಾರ್ಥಿಯು ಎಂದಿಗೂ ಕಲಿಯಲಾರ. ಯಂತ್ರ ತೋರಿಸಿದುದನ್ನೆಲ್ಲ ನಂಬುವವನು ತಪ್ಪನ್ನೇ ಕಲಿಯುತ್ತಾನೆ. ಚೆಂಡು ಮೈಗೆ ತಾಗಿದರೆ ನೋಯುವುದೆಂಬ ಸಾಮಾನ್ಯ ಸಂಗತಿಯನ್ನೂ ತೆರೆಯು ಅವನಿಗೆ ಹೇಳಿಕೊಡಲಾರದು. ಆದುದರಿಂದ ತೆರೆಯ ಮೇಲೆ ಕಲಿತುದನ್ನು ಸಂಜೆಯ ಮೈದಾನದಲ್ಲಿ ಪರೀಕ್ಷಿಸಿ ನೋಡಬೇಕು. ಮೈದಾನವು ದೂರವಿದ್ದರೆ ಶಾಲೆಯ ಅಂಗಳವೇ ಸಾಕು. ಅಲ್ಲಿ ಔಟಾದ ದಾಂಡಿಗನು ಗುಂಡಿಯೊತ್ತಿ ಪಂದ್ಯವನ್ನು ಮೊದಲಿನಿಂದ ಆರಂಭಿಸುವಂತಿಲ್ಲ. ದಾಂಡನ್ನು ಮುಂದಿನವನ ಕೈಗೆ ಕೊಟ್ಟು ತನ್ನ ಸರದಿ ಮತ್ತೆ ಬರುವವರೆಗೆ ಕಾಯಬೇಕು.